ಒಂದೇ ಸಾಲಿಗೆ ಮುಗಿದ ಹೊಲ

ತಲೆಯಾಡಿಸುವುದೂ ಒಂದು ವಿದ್ಯೆ. ಐದನೇ ತರಗತಿಗೇ ಶಾಲೆಯ ಸಹವಾಸ ಬಿಟ್ಟವನಿಗೆ ಅದಿಲ್ಲದೆ ಬದುಕು ನಡೆಯುವುದಿಲ್ಲ. ಬ್ಯಾಂಕಿನವರು ಏನೋ ಹೇಳುತ್ತಾರೆ, ತಲೆಯಾಡಿಸುತ್ತೇನೆ. ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸುತ್ತಾರೆ, ಅದು ನನ್ನದೇ ಮೊಣಕಾಲು ಎಂದು ನಂಬಿ ತಲೆಯಾಡಿಸುತ್ತೇನೆ. ಉಳಿದಂತೆ ನಾನು ಯಾರಿಗೂ ಕಡಿಮೆಯವನಲ್ಲ. ಮಾನ್ವಿಯಲ್ಲಿ ಸ್ವಂತ ಟ್ರ್ಯಾಕ್ಟರ್ ಇಟ್ಟು ದುಡಿಯುವವನು. ಕುರ್ಡಿಯ ಕಡೆ ನಾನು ಹೊಡೆದ ಹೊಲವನ್ನು ರಸ್ತೆಯಿಂದಲೇ ನೋಡಿ, 'ಇದು ಇವನ ಕೈ' ಎನ್ನುವವರಿದ್ದಾರೆ. ಅಷ್ಟು ನೇರ ಸಾಲು. ಹಾಗೆನ್ನುವವರು ಯಾರೂ ಸಿಗದ ದಿನ ನಾನೇ ಹೇಳಿಕೊಳ್ಳುತ್ತೇನೆ.

ನನ್ನ ಈ ವಿದ್ಯೆಗೆ ಕುತ್ತು ತಂದವಳು ಸೊಸೆ ರೇಣುಕಾ. ಕಂಪ್ಯೂಟರ್ ಓದಿದವಳು. ದೇವದುರ್ಗದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಕರೆದಿದ್ದರು. ಮೊದಲು ಹುಡುಗರೆದುರು ಒಂದು ಪಾಠ ಮಾಡಿ ತೋರಿಸಬೇಕು. ಅದಕ್ಕೂ ಮುಂಚೆ ರಾಯಚೂರಿನಲ್ಲಿ ಹೀಗೇ ಪಾಠ ಮಾಡಿ, 'ನಿಮಗ ಗೊತ್ತದ, ಆದ್ರ ಹುಡುಗರಿಗೆ ತಿಳೀಲಿಲ್ಲ' ಎನ್ನಿಸಿಕೊಂಡು ಬಂದಿದ್ದಳು. ಅವತ್ತು ಮನೆಗೆ ಬಂದವಳೇ ಲ್ಯಾಪ್‌ಟಾಪನ್ನು ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದ್ದಳು. ಈಗ ಅದನ್ನು ಇಳಿಸುತ್ತ, "ಇದೊಂದ್ ಸಲ ನೋಡ್ತೀನ್ರಿ ಅತ್ತಿ. ಆಗ್ಲಿಲ್ಲಂದ್ರ ಇದು ಅಟ್ಟದ ಮ್ಯಾಲೇ ಇರ್ಲಿ" ಎಂದು ನನ್ನ ಹೆಂಡತಿಗೆ ಹೇಳಿದ್ದು ನನಗೂ ಕೇಳಿಸಿತ್ತು.

ಪಾಠದ ಹಿಂದಿನ ದಿನ ಅವಳು ನನ್ನೆದುರು ಬಂದು ಕುಳಿತಳು. "ಮಾವಾರ, ನಾಳಿನ ಪಾಠ ನಿಮಗ ಹೇಳ್ತೀನಿ. ನಿಮಗ ತಿಳೀತಂದ್ರ ಯಾರಿಗರ ತಿಳೀತದ್ರಿ." ಇದು ಹೊಗಳಿಕೆಯೋ ಅಲ್ಲವೋ ಎಂದು ಯೋಚಿಸುತ್ತಿರುವಾಗಲೇ ಲ್ಯಾಪ್‌ಟಾಪ್ ತೋರಿಸಿ, "ಅರೇ!" ಎಂದಳು. ಏನಾಯಿತೆಂದು ಗಾಬರಿಯಿಂದ ಹಿಂದೆ ತಿರುಗಿ ನೋಡಿದೆ. ಕಂಪ್ಯೂಟರಿನಲ್ಲಿ ಚೌಕಾಬಾರದ ಮನೆಗಳಂತೆ ಸಾಲುಸಾಲಾಗಿ ಇರುವುದಕ್ಕೆ ಇಂಗ್ಲಿಷಿನ ಹೆಸರೇ 'ಅರೇ' ಅಂತೆ. ಒಂದೊಂದೇ ಸಾಲಿಗೆ ಹೋಗಬೇಕು, ಆ ಸಾಲಿನ ಒಂದೊಂದೇ ಮನೆಗೆ ಹೋಗಬೇಕು. ಸುತ್ತಿನೊಳಗೊಂದು ಸುತ್ತು. ನಾನು ತಲೆಯಾಡಿಸಿದೆ.

ಅಡುಗೆಮನೆಯಿಂದ ಹೆಂಡತಿ, "ಯವ್ವಾ ರೇಣುಕಾ, ಆ ತಲಿ ನಂಬಬ್ಯಾಡ! ನಾ ಹೇಳಿದ್ದಕ್ಕೂ ಹಂಗ ಅಳ್ಳಾಡಿಸಿ, ಸಂತ್ಯಾಗ ಬ್ಯಾರೇದನ್ನ ತರ್ತಾರ" ಎಂದು ಕೂಗಿದಳು.

ರೇಣುಕಾ ಒಳಗಿದ್ದ ಬಟ್ಟಲನ್ನೆಲ್ಲ ತಂದು ನೆಲದ ಮೇಲೆ ಸಾಲುಸಾಲಾಗಿ ಇಟ್ಟಳು. ನನ್ನ ಕೈಗೆ ಶೇಂಗಾ ಕೊಟ್ಟು, ಬಟ್ಟಲಿಗೊಂದು ಕಾಳು ಹಾಕಲು ಹೇಳಿದಳು. ಮೊದಲ ಸಾಲಿಗೆ ಎಡದಿಂದ ಬಲಕ್ಕೆ ಹಾಕಿದೆ. ಹೇಗೂ ಬಲಕ್ಕೆ ಬಂದಿದ್ದೇನಲ್ಲ, ಎರಡನೆಯದಕ್ಕೆ ಬಲದಿಂದ ಎಡಕ್ಕೆ ಹಾಕಿದೆ.

"ತಪ್ಪ್ರಿ ಮಾವಾರ. ಸಾಲು ಬದಲಾದ್ರ ಮತ್ತ ಎಡಕ್ಕ ಬಂದು ಮೊದಲಿನಿಂದ ಹಾಕ್ಬೇಕ್ರಿ."

"ಯಾಕವಾ? ಹೊಲದ ಆ ತುದಿಗೆ ಹೋದ ಟ್ರ್ಯಾಕ್ಟರ್ ಅಲ್ಲೇ ಹೊಳ್ಳಿ ಬರ್ತದ. ಖಾಲಿ ಗಾಡಿ ಈ ತುದಿಗೆ ತಂದು ಶುರು ಮಾಡಾಕ ಡೀಸೆಲ್ ನಿಮ್ಮ ಕಾಲೇಜಿನವ್ರು ಹಾಕಸ್ತಾರೇನು?"

"ಹಂಗಾರ ನಾನ ಕಂಪ್ಯೂಟರ್ರಿ. ನೀವು ಹೇಳ್ದಂಗ ಮಾಡ್ತೀನಿ" ಎಂದು ಕಾಳನ್ನೆಲ್ಲ ತೆಗೆದು, ಮೊದಲ ಸಾಲಿಗೆ ತಾನೇ ಹಾಕಿ ಬಲತುದಿಗೆ ಬಂದಳು.

"ಈಗ ಎರಡನೇ ಸಾಲಿಗೆ ಹೋಗು. ನಿಂತಲ್ಲಿಂದ್ಲೇ ಶುರು ಮಾಡು" ಎಂದೆ.

ಎರಡನೆಯದಕ್ಕೆ ಬಂದವಳು, "ಮುಂದ ಬಟ್ಟಲ ಇಲ್ಲ. ಸಾಲು ಮುಗೀತು" ಎಂದಳು. ಮೂರನೆಯದಕ್ಕೆ ಬಂದು, "ಇದೂ ಮುಗೀತು" ಎಂದಳು.

"ಏ, ಹೊಳ್ಳವಾ!"

"ಹೊಳ್ಳಾಕ ಯಾರೂ ಹೇಳಿಲ್ರಿ. ಮುಂದ ಹೋಗು ಅಂತಷ್ಟ ಹೇಳ್ಯಾರ."

ಒಂದೇ ಸಾಲು ಹೊಡೆದು, ಹೊಲವೆಲ್ಲ ಮುಗಿಯಿತೆಂದು ಕೈ ತೊಳೆದುಕೊಳ್ಳುವ ಇಂಥ ಡ್ರೈವರನನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಆದರೆ ತಿಳಿಯಿತು. ಎಷ್ಟು ತಿಳಿಯಿತೆಂದರೆ ತಲೆಯಾಡಿಸುವುದನ್ನೇ ಮರೆತು ಕುಳಿತೆ. ಅದನ್ನು ನೋಡಿಯೇ ಅವಳಿಗೂ ಧೈರ್ಯ ಬಂತು.

ಮರುದಿನ ದೇವದುರ್ಗಕ್ಕೆ ನಾನೂ ಜೊತೆಗೆ ಹೋಗಿ, ಕ್ಲಾಸಿನ ಕಿಟಕಿಯ ಹೊರಗೆ ನಿಂತೆ. ಅವಳು ಬೋರ್ಡಿನ ಮೇಲೆ ಮೊದಲ ಸಾಲು ಮುಗಿಸುವುದೇ ತಡ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಮ್, ಅಲ್ಲಿಂದ್ಲೇ ಹೊಳ್ಳಿ ಬಂದ್ರ ಆಗಂಗಿಲ್ಲೇನ್ರಿ?" ಎಂದಳು. ರೇಣುಕಾ ಕಿಟಕಿಯತ್ತ ಒಮ್ಮೆ ನೋಡಿ ನಕ್ಕು, "ನಿಮ್ಮ ಮನ್ಯಾಗ ಟ್ರ್ಯಾಕ್ಟರ್ ಅದ ಏನವಾ?" ಎಂದಳು. ಕ್ಲಾಸೆಲ್ಲ ನಕ್ಕಿತು. ಆಮೇಲೆ ಬೆಂಚಿನಲ್ಲಿ ಕುಳಿತವರನ್ನೇ ಬಟ್ಟಲು ಮಾಡಿಕೊಂಡು, ಆ ಹುಡುಗಿ ಹೇಳಿದಂತೆಯೇ ಸೀಮೆಸುಣ್ಣ ಹಂಚುತ್ತ ಹೊರಟಳು. ಹಿಂದಿನ ಸಾಲಿನವರಿಗೆ ಏನೂ ಸಿಗದೆ ಗದ್ದಲವೆದ್ದಾಗ ತಪ್ಪು ಎಲ್ಲಿದೆಯೆಂದು ಎಲ್ಲರಿಗೂ ತಿಳಿಯಿತು. ಅವಳಿಗೆ ಕೆಲಸ ಸಿಕ್ಕಿತು. ಲ್ಯಾಪ್‌ಟಾಪ್ ಮತ್ತೆ ಅಟ್ಟ ಹತ್ತಲಿಲ್ಲ.

ನನಗೆ ಸಿಕ್ಕಿದ್ದು ಅದಕ್ಕಿಂತ ದೊಡ್ಡದು. ಶಾಲೆ ಬಿಟ್ಟ ಮೇಲೆ ನನ್ನನ್ನು ಕೂರಿಸಿಕೊಂಡು ತಿಳಿಯುವ ತನಕ ಹೇಳಿದವರು ಯಾರೂ ಇರಲಿಲ್ಲ; ತಲೆಯಾಡಿಸಿದೊಡನೆ ಎಲ್ಲರೂ ಎದ್ದು ಹೋಗುತ್ತಿದ್ದರು. ಏಳದೆ ಕುಳಿತವಳು ಇವಳೊಬ್ಬಳೇ. ಆ ಋಣ ನನ್ನ ಮೇಲಿದೆ. ಚಹಾದಂಗಡಿಯಲ್ಲಿ ಮಾತ್ರ, "ನಮ್ಮ ಸೊಸಿ ಪಾಠದಾಗ ನಂದೂ ಪಾಲದ" ಎಂದು ಮೀಸೆ ತಿರುವುತ್ತೇನೆ.

ಮೊನ್ನೆ ಟ್ರ್ಯಾಕ್ಟರಿನ ಸಾಮಾನು ತರಲು ದೇವದುರ್ಗಕ್ಕೆ ಹೋದವನು ಕಾಲೇಜಿನ ಗೇಟಿನಲ್ಲಿ ಅವಳಿಗಾಗಿ ಕಾಯುತ್ತಿದ್ದೆ. ಅದೇ ಹಿಂದಿನ ಬೆಂಚಿನ ಹುಡುಗಿ ಗೆಳತಿಯರನ್ನು ಕರೆದುಕೊಂಡು ಬಂದು ಕೈಮುಗಿದಳು. "ಒಳಗಿನ ಸುತ್ತು ಮೊದಲಿನಿಂದ ಶುರು ಮಾಡೋದು ಯಾರರ ಮರೆತ್ರ, ನಮ್ಮ ಮೇಡಮ್ ಅದಕ್ಕ 'ಮಾವನ ತಪ್ಪು' ಅಂತಾರ್ರಿ. ಅವತ್ತು ಕಿಟಕಿ ಹತ್ರ ನಿಂತಿದ್ರಲ್ರಿ, ಆ ಮಾವ ನೀವೇನ್ರಿ?"

ಎದೆಯುಬ್ಬಿಸಿ ತಲೆಯಾಡಿಸಿದೆ. ಈ ಸಲ ತಿಳಿದೇ ಆಡಿಸಿದೆ.