ಚುಕ್ಕಿ ಪುಸ್ತಕದ ಕಂಟ್ರೋಲರ್

ತಮಗೆ ಮರೆವು ಇದೆ ಎಂದರೆ ವೀರಭದ್ರಪ್ಪನವರು ಸುತರಾಂ ಒಪ್ಪುವುದಿಲ್ಲ. ತಮಗಿರುವುದು ಏಕಾಗ್ರತೆ, ಅದು ಒಂದು ಕಡೆ ಕೂತಾಗ ಇನ್ನೊಂದು ಕಡೆ ಹೇಗೆ ಕೂರಬೇಕು ಎಂಬುದು ಅವರ ವಾದ. ಈ ವಾದವನ್ನು ಹೆಂಡತಿ ಸುಮಂಗಲಾ ಇಪ್ಪತ್ತಾರು ವರ್ಷದಿಂದ ಕೇಳುತ್ತ ಬಂದಿದ್ದಾರೆ. ಇದೇ ಏಕಾಗ್ರತೆಯಿಂದ ಅವರು ಮೂರು ಸಲ ಹಾಲು ಉಕ್ಕಿಸಿದ್ದಾರೆ, ಕೊತ್ತಂಬರಿ ತರಲು ಹೋಗಿ ಕ್ಷೌರ ಮಾಡಿಸಿಕೊಂಡು ಬಂದಿದ್ದಾರೆ (ಕ್ಷೌರವೂ ಬೇಕಾಗಿತ್ತು ಎನ್ನಿ, ಆದರೆ ಸಾರಿಗೆ ಹಾಕಲು ಬರುವುದಿಲ್ಲ). ಇದನ್ನೆಲ್ಲ ಸುಮಂಗಲಾ ಹೊಟ್ಟೆಗೆ ಹಾಕಿಕೊಂಡಿದ್ದರು. ಹೋದ ತಿಂಗಳದ್ದು ಮಾತ್ರ ಹೊಟ್ಟೆಗೆ ಇಳಿಯುವಂಥದ್ದಾಗಿರಲಿಲ್ಲ.

ಸುಮಂಗಲಾ ಅವರ ತಾಯಿ ಗಂಗಾಬಾಯಿಯವರು ಇರುವುದು ಸೇಡಂನಲ್ಲಿ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಎಂದರೆ ಆ ತಾಯಿಗೆ ಎದೆ ನಡುಕ. ಎರಡು ವರ್ಷ ಬೇಡಿಕೊಂಡ ಮೇಲೆ ಹೈದರಾಬಾದಿಗೆ ಬರಲು ಒಪ್ಪಿದರು, ಅದೂ ಒಂದು ಕರಾರಿನ ಮೇಲೆ. ಮೆಹದಿಪಟ್ಟಣಂನಲ್ಲಿ ಬಸ್ಸಿಳಿದಾಗ ಅಳಿಯಂದಿರೇ ಬಂದು ಕರೆದುಕೊಂಡು ಹೋಗಬೇಕು. ಅಳಿಯಂದಿರು ಆ ದಿನ ಊರಿನ ಇನ್ನೊಂದು ತುದಿಯಲ್ಲಿ, ಉಪ್ಪಲ್‌ನ ಮನೆಯ ಮಾಳಿಗೆ ಮೇಲೆ, ಪಕ್ಕದ ಮನೆಯವರಿಗೆ ನೀರಿನ ಟ್ಯಾಂಕಿನ ಪೈಪು ಯಾವ ಕೋನದಲ್ಲಿ ಕೂರಬೇಕೆಂದು ವಿವರಿಸುತ್ತಿದ್ದರು. ಗಂಗಾಬಾಯಿ ಒಂದು ತಾಸು ನಿಂತರು, ಬೈಯಲಿಲ್ಲ, ಅಳಲಿಲ್ಲ, ರೊಟ್ಟಿಯ ಗಂಟನ್ನು ಎತ್ತಿಕೊಂಡು ಮುಂದಿನ ಬಸ್ಸಿಗೆ ಸೇಡಂ ಸೇರಿಕೊಂಡರು. ಆಸ್ಪತ್ರೆಯ ತಾರೀಖು ತಪ್ಪಿಹೋಯಿತು. ಇನ್ನು ತಡ ಮಾಡಬೇಡಿ, ಬಲಗಣ್ಣು ಕಷ್ಟವಾದೀತು ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಗಂಗಾಬಾಯಿ ಹಳೆಯ ಕಾಲದವರು. ಅಳಿಯ ಎದುರಿಗೆ ಬಂದರೆ ತಲೆ ಮೇಲಿನ ಸೆರಗು ಮೂಗಿನವರೆಗೆ ಇಳಿಯುತ್ತದೆ, ಮುಖ ಗೋಡೆ ಕಡೆ ತಿರುಗುತ್ತದೆ. ಅಳಿಯನಿಗೆ ಇನ್ನೊಂದು ರೊಟ್ಟಿ ಬೇಕೇ ಎಂಬುದನ್ನೂ ಮಗಳ ಬಾಯಿಂದಲೇ ಕೇಳಿಸಬೇಕು. ಇಪ್ಪತ್ತಾರು ವರ್ಷದಲ್ಲಿ ಅತ್ತೆ ಅಳಿಯ ಒಬ್ಬರೊಡನೊಬ್ಬರು ನೇರವಾಗಿ ಒಂದು ಮಾತೂ ಆಡಿಲ್ಲ. ಇದು ಅಸಮಾಧಾನವಲ್ಲ, ಮರ್ಯಾದೆ.

ಮೂರು ದಿನ ಮನೆಯಲ್ಲಿ ಸಾರಿಗೆ ಉಪ್ಪಿರಲಿಲ್ಲ. ನಾಲ್ಕನೇ ದಿನ ಸುಮಂಗಲಾ ತಾಯಿಯನ್ನು ಫೋನಿನಲ್ಲಿ ಮತ್ತೆ ಒಪ್ಪಿಸಿ, ಆಸ್ಪತ್ರೆಯಲ್ಲಿ ಹೊಸ ತಾರೀಖು ಪಡೆದು, ಗಂಡನ ಮುಂದೆ ಬಂದು ಕೂತರು.

"ಇದ ಕಡೀ ಸಲ ನೋಡ್ರಿ. ಈ ಸಲನೂ ನಮ್ಮವ್ವ ತಿರುಗಿ ಹೋದ್ಲಂದ್ರ, ಆಕಿ ಕಣ್ಣು ಹೋಗಿದ್ದು ನಿಮ್ಮಿಂದನ ಅಂತ ತಿಳಕೋತೀನಿ."

ಸುಮಂಗಲಾ ಜೋರಾಗಿ ಹೇಳಿದ್ದರೆ ವೀರಭದ್ರಪ್ಪನವರು ವಾದ ಹೂಡುತ್ತಿದ್ದರು. ಮೆಲ್ಲಗೆ ಹೇಳಿದ್ದರಿಂದ ಹೆದರಿಕೆಯಾಯಿತು. ಅತ್ತೆಯ ಮೇಲೆ ಅವರಿಗೆ ನಿಜವಾಗಿಯೂ ಪ್ರೀತಿ ಇತ್ತು, ತೋರಿಸಲು ಜಾಗ ಇರಲಿಲ್ಲ ಅಷ್ಟೇ.

ಅಪ್ಪನ ಪಾಡು ನೋಡಲಾರದೆ ಮಗಳು ಶ್ರೀವಿದ್ಯಾ ಒಂದು ಪುಸ್ತಕ ತಂದುಕೊಟ್ಟಳು. ಅವಳು ದಿನಾ ಮೆಟ್ರೋ ಹತ್ತಿ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವವಳು. ಅವಳ ಆಫೀಸಿನಲ್ಲಿ ಎಲ್ಲರ ಕೈಯಲ್ಲೂ ಇದೇ ಪುಸ್ತಕವಂತೆ, ಹೆಸರು ಬುಲೆಟ್ ಜರ್ನಲ್ ಅಂತೆ. (ಬುಲೆಟ್ ಎಂದಾಗ ಸುಮಂಗಲಾ, ಇದು ನಿಮ್ಮ ಫ್ಯಾಕ್ಟರಿಯ ಸಾಮಾನೇನು ಎಂದು ಅನುಮಾನದಿಂದ ನೋಡಿದರು. ವೀರಭದ್ರಪ್ಪನವರು ಇರುವುದು ಸೈನ್ಯಕ್ಕೆ ಸಾಮಾನು ಮಾಡುವ ಸರ್ಕಾರಿ ಕಾರ್ಖಾನೆಯಲ್ಲಿ.) ಹಾಳೆಯ ತುಂಬ ಗೆರೆಗಳ ಬದಲು ಸಣ್ಣ ಸಣ್ಣ ಚುಕ್ಕಿಗಳು. ಮಾಡಬೇಕಾದ ಕೆಲಸಗಳನ್ನು ಪಟ್ಟಿ ಮಾಡುವುದು, ಬೇಕಾದರೆ ಬಣ್ಣ ಹಾಕಿ ಚಂದ ಮಾಡಿಕೊಳ್ಳುವುದು, ಮುಗಿದದ್ದಕ್ಕೆ ಗುರುತು ಹಾಕುವುದು, ಇಷ್ಟೇ ವಿದ್ಯೆ ಎಂದು ಮಗಳು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದಳು.

ಎರಡು ನಿಮಿಷದ ವಿದ್ಯೆಯನ್ನು ಯಾರ ಕೈಗೆ ಕೊಡುತ್ತಿದ್ದೇನೆ ಎಂದು ಅವಳು ಯೋಚಿಸಬೇಕಾಗಿತ್ತು. ವೀರಭದ್ರಪ್ಪನವರು ಮೂವತ್ತು ವರ್ಷ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ನಕ್ಷೆ ಬರೆದವರು. ಕಂಪ್ಯೂಟರ್ ಬಂದ ಮೇಲೆ ಅವರ ದೊಡ್ಡ ಮೇಜನ್ನು ಎತ್ತಿ ಗೋಡೌನಿಗೆ ಹಾಕಿದ್ದರು, ನಕ್ಷೆಯ ಪೆನ್ನುಗಳು ಮನೆಯ ಟ್ರಂಕಿನಲ್ಲಿ ಮಲಗಿದ್ದವು. ಆ ಚುಕ್ಕಿಗಳನ್ನು ನೋಡಿದ್ದೇ ತಡ, ಟ್ರಂಕು ತೆರೆಯಿತು. ಪೆನ್ನುಗಳನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಮಸಿ ತುಂಬಿದರು. ಅವರ ಮುಖದಲ್ಲಿ ಆ ಕಳೆಯನ್ನು ಸುಮಂಗಲಾ ಮದುವೆಯಲ್ಲೂ ನೋಡಿರಲಿಲ್ಲ.

ಒಂದೊಂದು ಕೆಲಸಕ್ಕೂ ಒಂದೊಂದು ನಕ್ಷೆ ಸಿದ್ಧವಾಯಿತು. ಪುಟದ ಬಲಮೂಲೆಯಲ್ಲಿ ಕಾರ್ಖಾನೆಯ ಪದ್ಧತಿಯಂತೆ ಒಂದು ಚೌಕ: ಬರೆದವರು ವೀರಭದ್ರಪ್ಪ, ಪರಿಶೀಲಿಸಿದವರು ಸುಮಂಗಲಾ, ಒಪ್ಪಿದವರು ಶ್ರೀವಿದ್ಯಾ. ಮೂರು ಸಹಿ ಬೀಳದೆ ಅವರ ಕಾರ್ಖಾನೆಯಲ್ಲಿ ಒಂದು ಮೊಳೆಯೂ ಅಲುಗುವುದಿಲ್ಲ. ಮನೆಯಲ್ಲೂ ಅಲುಗಲಿಲ್ಲ. ಒಂದು ದಿನ ನೆಂಟರು ಊಟಕ್ಕೆ ಕೂತರೂ ಮೊಸರು ಬಂದಿರಲಿಲ್ಲ. ಕೇಳಿದರೆ ಮೊಸರಿನ ನಕ್ಷೆಗೆ ಒಪ್ಪಿಗೆ ಸಿಕ್ಕಿಲ್ಲ, ಶ್ರೀವಿದ್ಯಾ ಮೀಟಿಂಗಿನಲ್ಲಿದ್ದಾಳೆ ಎಂದರು ವೀರಭದ್ರಪ್ಪನವರು. ನೆಂಟರು ಬರೀ ಸಾರಿನಲ್ಲೇ ಕೈ ತೊಳೆದರು. ಅಂದಿನಿಂದ ಸುಮಂಗಲಾ ಯಾವ ಪುಟವನ್ನೂ ಓದದೆ, ರೊಟ್ಟಿ ಬಡಿಯುವ ಹಿಟ್ಟಿನ ಕೈಯಲ್ಲೇ ಹತ್ತು ಪುಟಕ್ಕೆ ಒಟ್ಟಿಗೆ ಸಹಿ ಹಾಕತೊಡಗಿದರು.

ಹನ್ನೆರಡನೇ ಪುಟ ಅತ್ತೆಯವರದ್ದು. ಅದಕ್ಕೆ ವೀರಭದ್ರಪ್ಪನವರು ಒಂದು ವಾರ ತೆಗೆದುಕೊಂಡರು. ಮೆಹದಿಪಟ್ಟಣಂನ ಮೇಲ್ಸೇತುವೆ, ಅದರ ಕಂಬಗಳು, ಯಾವ ಕಂಬದ ಬಳಿ ಯಾವ ಊರಿನ ಬಸ್ಸು ನಿಲ್ಲುತ್ತದೆ ಎಂಬುದು, ಸೇಡಂ ಬಸ್ಸು ಬರುವ ಹೊತ್ತು ಮೂರೂವರೆ, ತಿರುಗಿ ಹೋಗುವ ಬಸ್ಸುಗಳ ಹೊತ್ತು, ಯಾವ ಹೊತ್ತಿನಲ್ಲಿ ಬಸ್ಸಿನ ಯಾವ ಮಗ್ಗುಲಿಗೆ ಬಿಸಿಲು ಬೀಳುತ್ತದೆ ಎಂಬ ಬಾಣದ ಗುರುತುಗಳು, ಎಲ್ಲವೂ ಇತ್ತು. ತಿರುಗಿ ಹೋಗುವ ಬಸ್ಸಿನ ಹೊತ್ತು ಯಾಕೆ ಪಪ್ಪಾ ಎಂದು ಮಗಳು ಕೇಳಿದ್ದಕ್ಕೆ, ನಕ್ಷೆ ಎಂದ ಮೇಲೆ ಪೂರ್ತಿ ಇರಬೇಕು ಎಂದರು. ಕೆಳಗೆ ಹದಿನೇಳು ಖಾನೆಗಳು. ಒಂದೊಂದು ಹಂತ ಮುಗಿದಂತೆ ಒಂದೊಂದಕ್ಕೆ ಹಸಿರು ಮಸಿ ತುಂಬಬೇಕು.

ಶನಿವಾರ ಬಂತು. ಅರ್ಧ ದಿನದ ಡ್ಯೂಟಿ ಮುಗಿಸಿ, ಕಾರ್ಖಾನೆಯ ಖಾಕಿ ಬಟ್ಟೆಯಲ್ಲೇ ವೀರಭದ್ರಪ್ಪನವರು ಮೂರು ಗಂಟೆಗೆ ಸರಿಯಾಗಿ ಮೆಹದಿಪಟ್ಟಣಂನಲ್ಲಿದ್ದರು. ನೋಡಿ, ಮರೆಯಲಿಲ್ಲ. ಕಂಬದ ಬುಡದಲ್ಲಿ ಕಲ್ಲಿನ ಕಟ್ಟೆ ಸಿಕ್ಕಿತು. ಕೂತು, ಪುಸ್ತಕವನ್ನು ತೊಡೆಯ ಮೇಲಿಟ್ಟು, ಮೆಹದಿಪಟ್ಟಣಂ ತಲುಪುವುದು ಎಂಬ ಆರನೇ ಖಾನೆಗೆ ಮಸಿ ತುಂಬಲು ಶುರುಮಾಡಿದರು. ಮೂಲೆಯಲ್ಲಿ ಮಸಿ ಗೆರೆ ದಾಟಬಾರದು. ಅದೇ ಅದರ ಕಷ್ಟ.

ಸೇಡಂ ಬಸ್ಸು ಆ ದಿನ ಹತ್ತು ನಿಮಿಷ ಮೊದಲೇ ಬಂದುಬಿಟ್ಟಿತು. ನಕ್ಷೆಯಲ್ಲಿ ಮೂರೂವರೆ ಎಂದಿರುವಾಗ ಮೂರೂ ಇಪ್ಪತ್ತಕ್ಕೆ ತಲೆ ಎತ್ತಲು ವೀರಭದ್ರಪ್ಪನವರಿಗೆ ಕಾರಣವಿರಲಿಲ್ಲ. ಹಾರ್ನುಗಳು, ಆಟೋದವರ ಕೂಗು, ಹಣ್ಣಿನ ಬಂಡಿಯವರ ಗದ್ದಲದ ನಡುವೆ ಯಾರೋ ಮುದುಕಿ ಅವರ ಕಿವಿಯ ಬಳಿ ಬಗ್ಗಿ ಕೇಳಿದಳು: "ಸೇಡಂ ಕೀ ಬಸ್ ಕಬ್ ಹೈ ಬಾಬಾ?"

ಒಂದು ವಾರ ಬೆವರು ಸುರಿಸಿ ಬರೆದ ನಕ್ಷೆ ಒಬ್ಬರ ಉಪಯೋಗಕ್ಕೆ ಬಂತಲ್ಲ ಎಂದು ಅವರಿಗೆ ಎದೆ ತುಂಬಿ ಬಂತು. ಹಸಿರು ಮಸಿ ಇನ್ನೂ ಹಸಿ ಇದ್ದುದರಿಂದ ತಲೆ ಎತ್ತಲಿಲ್ಲ. ಬಸ್ಸು ಮೂರು ನಲವತ್ತಕ್ಕೆ, ಅಗೋ ಆ ಮೂರನೇ ಕಂಬದ ಬಳಿ ಎಂದು ತಾವೂ ಹಿಂದಿಯಲ್ಲೇ ಹೇಳಿದರು. ಅಷ್ಟಕ್ಕೇ ಬಿಡದೆ, ಬಲಗಡೆ ಕೂತುಕೋ ಅಮ್ಮಾ, ಬಿಸಿಲು ಬಡಿಯುವುದಿಲ್ಲ ಎಂದೂ ಸೇರಿಸಿದರು. ಮುದುಕಿ ಹರಸಿ ಹೋದಳು.

ಖಾನೆ ತುಂಬಿ, ಮಸಿ ಒಣಗಿಸಿ ತಲೆ ಎತ್ತಿದಾಗ ಮೂರೂ ಐವತ್ತು. ಸೇಡಂನಿಂದ ಬಂದ ಬಸ್ಸು ಖಾಲಿ ನಿಂತಿತ್ತು, ಸೇಡಂಗೆ ತಿರುಗಿ ಹೋಗುವ ಬಸ್ಸು ಹೊರಟುಹೋಗಿತ್ತು. ಜನ ಇಳಿದು ಎಷ್ಟೋ ಹೊತ್ತಾಯಿತು ಎಂದ ಕಂಡಕ್ಟರ್.  ವೀರಭದ್ರಪ್ಪನವರು ಒಂದೊಂದು ಕಂಬ ಸುತ್ತಿದರು, ಹಣ್ಣಿನವರನ್ನು ಕೇಳಿದರು, ನೀರಿನ ನಲ್ಲಿಯ ಬಳಿ ನೋಡಿದರು. ಅತ್ತೆಯ ಫೋನು ಸ್ವಿಚ್ ಆಫ್ (ಬ್ಯಾಟರಿ ಸವೆಯುತ್ತದೆಂದು ಅವರು ಅದನ್ನು ವಸ್ತ್ರದಲ್ಲಿ ಕಟ್ಟಿಡುತ್ತಾರೆ). ಕಣ್ಣು ಕಾಣದ ಜೀವ ಈ ಸಂತೆಯಲ್ಲಿ ಎಲ್ಲಿ ಹೋಯಿತೋ ಎಂದು ನೆನೆದು ಅವರಿಗೆ ಅಳುವೇ ಬಂತು. ಕತ್ತಲಾಗುವ ಹೊತ್ತಿಗೆ ಒಬ್ಬರೇ ಮನೆಗೆ ಬಂದರು. ಸುಮಂಗಲಾ ಫೋನಿನ ಮುಂದೆ ಕೂತಿದ್ದರು.

ಎಂಟು ಗಂಟೆಗೆ ಫೋನು ಬಂತು, ಸೇಡಂನಿಂದ. ಎಲ್ಲರಿಗೂ ಕೇಳಲಿ ಎಂದು ಶ್ರೀವಿದ್ಯಾ ಸ್ಪೀಕರ್ ಹಾಕಿದಳು.

"ನಿನ್ನ ಗಂಡ ಇವತ್ತೂ ಬರಲಿಲ್ಲ ನೋಡವಾ," ಎಂದರು ಗಂಗಾಬಾಯಿ, ಸಿಟ್ಟಿಲ್ಲದ ದನಿಯಲ್ಲಿ. "ಹೋಗ್ಲಿ ಬಿಡು, ಅವರಿಗೆ ಏನ್ ಕೆಲಸಿತ್ತೋ. ಹೋದ ಸಲದಂಗ ತಾಸುಗಟ್ಟಲೆ ನಿಲ್ಲೂದು ಬ್ಯಾಡಂತ ಲಗೂನ ಬಸ್ ಹತ್ತಿ ಬಂದೆ. ಆದ್ರ ಅಲ್ಲಿ ಒಬ್ಬ ಕಂಟ್ರೋಲರ್ ಕುಂತಿದ್ದ, ಖಾಕಿ ಅಂಗಿ, ತೊಡಿ ಮ್ಯಾಲ ದೊಡ್ಡ ಪುಸ್ತಕ, ಬಸ್ಸಿನ ಹೊತ್ತು ಬರಕೋತ. ಭಾಳ ಒಳ್ಳೆ ಮನಷ್ಯಾ. ಕಂಬ ತೋರಿಸಿದ, ಬಿಸಲು ಬಡೀತೈತಿ ಬಲಕ್ಕ ಕುಂದರು ಅಂದ. ಯಾವ ಪುಣ್ಯಾತಗಿತ್ತಿ ಹಡದಾಳೋ, ಅಂಥಾವ ಅಳಿಯ ಆಗಬೇಕಿತ್ತು ನೋಡು."

ಸುಮಂಗಲಾ ಗಂಡನ ಖಾಕಿ ಅಂಗಿ ನೋಡಿದರು. ಪುಸ್ತಕ ಎಳೆದುಕೊಂಡು ಹನ್ನೆರಡನೇ ಪುಟ ತೆಗೆದರು. ಮೂರನೇ ಕಂಬ, ಮೂರು ನಲವತ್ತು, ಬಿಸಿಲಿನ ಬಾಣ.  ಸುಮಂಗಲಾ ಅಳುವರೋ ನಗುವರೋ ಎಂದು ಮಗಳು ಕಾಯುತ್ತಿದ್ದಳು. ಅವರು ಎರಡೂ ಮಾಡಲಿಲ್ಲ. ಫೋನಿಗೆ ಬಾಯಿ ಹಚ್ಚಿ, ಅವ್ವಾ, ಆ ಕಂಟ್ರೋಲರೇ ನಿನ್ನ ಆಟೋದಾಗ ಕುಂದ್ರಿಸಿಕೊಂಡು ಮನೆವರೆಗೆ ತಂದುಬಿಟ್ಟರೆ ಬರುತ್ತೀಯಾ ಎಂದು ಕೇಳಿದರು. ಅವನಾದರೆ ಬರುತ್ತೇನೆ ಎಂದರು ಗಂಗಾಬಾಯಿ. ಅಳಿಯಂದಿರಿಗೆ ತ್ರಾಸು ಕೊಡಬೇಡ ಎಂದೂ ಸೇರಿಸಿದರು.

ಹೀಗೆ ವೀರಭದ್ರಪ್ಪನವರಿಗೆ ಮರುಶನಿವಾರ ಹೊಸ ನೌಕರಿ ಹತ್ತಿತು. ಆಸ್ಪತ್ರೆಯವರ ಕೈಕಾಲು ಹಿಡಿದು ಸುಮಂಗಲಾ ತಾರೀಖನ್ನು ಒಂದು ವಾರ ಮುಂದೆ ಹಾಕಿಸಿದ್ದರು. ಖಾಕಿ ಅಂಗಿ ಕಡ್ಡಾಯ, ಪುಸ್ತಕ ಕೈಯಲ್ಲಿರಬೇಕು, ಹಿಂದಿ ಬಿಟ್ಟು ಬೇರೆ ಮಾತು ಕೂಡದು. ಪೆನ್ನುಗಳನ್ನು ಮಾತ್ರ ಸುಮಂಗಲಾ ಕಿತ್ತುಕೊಂಡು ಬೀರುವಿನಲ್ಲಿಟ್ಟು ಕೀಲಿ ಹಾಕಿದರು.

ಈ ಸಲ ಬರೆಯಲು ಏನೂ ಇಲ್ಲದ್ದರಿಂದ ವೀರಭದ್ರಪ್ಪನವರು ಬಸ್ಸನ್ನೇ ನೋಡುತ್ತ ನಿಂತಿದ್ದರು. ಅತ್ತೆ ಇಳಿದರು, ಪುಸ್ತಕವನ್ನು ಕೈಯಿಂದ ಮುಟ್ಟಿ ನೋಡಿ ಖಾತ್ರಿ ಮಾಡಿಕೊಂಡರು, ಆಟೋ ಹತ್ತಿದರು. ಮೆಹದಿಪಟ್ಟಣಂನಿಂದ ಉಪ್ಪಲ್‌ಗೆ ಒಂದು ತಾಸಿನ ದಾರಿ. ಇಪ್ಪತ್ತಾರು ವರ್ಷ ಸೆರಗಿನ ಹಿಂದೆ ಇದ್ದ ಮಾತು ಆ ಒಂದು ತಾಸಿನಲ್ಲಿ ಹೊರಗೆ ಬಂತು. ತನ್ನ ಅಳಿಯ ಮದುವೆಯ ದಿನ ಅಕ್ಷತೆ ಬೀಳುವಾಗ ಚಪ್ಪರದ ಗಂಟು ಸಡಿಲಾಗಿದೆ ಎಂದು ಮೇಲೆ ನೋಡುತ್ತಿದ್ದರಂತೆ, ಅಕ್ಷತೆ ಬಾಯಿಗೆ ಬಿತ್ತಂತೆ. ತನ್ನ ಅಡುಗೆಮನೆಯ ಗೋಡೆಯಲ್ಲಿ ಅವರು ಮಾಡಿಕೊಟ್ಟ ಗೂಡಿನಲ್ಲಿ ಇಂದಿಗೂ ಒಂದು ಕೊಡ ಹಿಡಿಯುವುದಿಲ್ಲವಂತೆ. ಓದಿದವರು, ಆದರೆ ಕಾಲಿದ್ದ ಕಡೆ ತಲೆ ಇರುವುದಿಲ್ಲವಂತೆ. ಕಂಟ್ರೋಲರ್ ಸಾಹೇಬರು ಹಾಂ ಅಮ್ಮಾ, ಹಾಂ ಅಮ್ಮಾ ಎನ್ನುತ್ತ ಕೂತಿದ್ದರು. ಆಮೇಲೆ ಗಂಗಾಬಾಯಿ, ಆದರೆ ನನ್ನ ಮಗಳಿಗೆ ಒಂದು ದಿನವೂ ದನಿ ಎತ್ತಿ ಮಾತಾಡಿದವರಲ್ಲ, ಅಂಥ ಮನುಷ್ಯ ಲಕ್ಷಕ್ಕೊಬ್ಬ ಎಂದರು. ವೀರಭದ್ರಪ್ಪನವರು ಮುಖವನ್ನು ಆಟೋದ ಹೊರಗೆ ತಿರುಗಿಸಿಕೊಂಡರು.

ಉಪ್ಪಲ್ ಹತ್ತಿರ ಬಂದಾಗ ಗಂಗಾಬಾಯಿ ಗಂಟು ಬಿಚ್ಚಿ ಶೇಂಗಾದ ಹೋಳಿಗೆ ತೆಗೆದರು. ಅಳಿಯನಿಗೆಂದು ಮಾಡಿದ್ದಂತೆ, ಆದರೆ ಅವರಿಗೆ ಸಕ್ಕರೆ ಕಾಯಿಲೆ, ಮಗಳು ತಿನ್ನಲು ಬಿಡುವುದಿಲ್ಲ, ನೀನೇ ತಿನ್ನಪ್ಪಾ ಎಂದರು. ನಾಲ್ಕು ವರ್ಷದಿಂದ ಹೋಳಿಗೆಯ ಮುಖ ನೋಡಿರದ ವೀರಭದ್ರಪ್ಪನವರು ಹಿರಿಯರ ಮಾತು ಮೀರಲಿಲ್ಲ. ಅತ್ತೆಯನ್ನು ಗೇಟಿನ ಬಳಿ ಹೆಂಡತಿಗೆ ಒಪ್ಪಿಸಿ, ಬೀದಿ ಒಂದು ಸುತ್ತು ಹಾಕಿ, ಬಾಯಿ ಒರೆಸಿಕೊಂಡು, ಅಂಗಿ ಬದಲಿಸಿ ಅಳಿಯನಾಗಿ ಒಳಗೆ ಬಂದರು. ಗಂಗಾಬಾಯಿ ಸೆರಗು ಎಳೆದುಕೊಂಡು ಗೋಡೆಗೆ ತಿರುಗಿದರು.

ಸೋಮವಾರ ಬಲಗಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತು. ಮರುದಿನ ಪಟ್ಟಿ ಬಿಚ್ಚಿದರು. ಗಂಗಾಬಾಯಿ ಮೊದಲು ಮಗಳ ಮುಖ ನೋಡಿ, ಕೂದಲು ಬೆಳ್ಳಗಾಗಿದ್ದು ಕಂಡು ನೊಂದುಕೊಂಡರು. ಮೊಮ್ಮಗಳ ಗಲ್ಲ ಸವರಿದರು. ಅಷ್ಟರಲ್ಲಿ ಕಣ್ಣಿಗೆ ಹನಿ ಹಾಕುವ ಹೊತ್ತನ್ನು ಗುರುತು ಹಾಕಿಕೊಳ್ಳಲು ವೀರಭದ್ರಪ್ಪನವರು ಪುಸ್ತಕ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತರು. ಗಂಗಾಬಾಯಿ ಪುಸ್ತಕವನ್ನು ನೋಡಿದರು, ಅಳಿಯನ ಮುಖ ನೋಡಿದರು, ಮತ್ತೆ ಪುಸ್ತಕ ನೋಡಿದರು.  ಅವರು ಸಾವಕಾಶವಾಗಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಗೋಡೆಗೆ ತಿರುಗಿ, ಮಗಳನ್ನು ಕರೆದರು.

"ಸುಮಂಗಲಾ, ನಿನ್ನ ಗಂಡಗ ಹೇಳು. ಆಟೋದಾಗ ನಾ ಆಡಿದ್ರಾಗ ಒಂದು ಮಾತೂ ಸುಳ್ಳಿಲ್ಲ. ಮತ್ತ ನಾಕು ಹೋಳಿಗಿ ತಿಂದಾರ, ಅದನ್ನೂ ಆ ಪುಸ್ತಕದಾಗ ಬರಕೊಳ್ಳಾಕ ಹೇಳು."