‘ಅಷ್ಟೇ’ ಎಂದು ಬರೆದವರಿಗೆ

ಹೆಣಿಗೆ ಕೈಪಿಡಿಯ ಕರ್ತೃಗಳಾದ ಮಾನ್ಯರೇ,

ತಾವು ಎಲ್ಲಿದ್ದರೂ ಬೆಚ್ಚಗಿದ್ದೀರೆಂದು ನಂಬಿ, ಹೆಣೆಯುವವರೆಲ್ಲ ಓದಲೆಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಹತ್ತು ವರ್ಷದ ನನ್ನ ಮೊಮ್ಮಗಳು ಶನಿವಾರ ಶಾಲೆಯವರ ಜೊತೆ ಬೆಟ್ಟದ ಶಿಬಿರಕ್ಕೆ ಹೊರಡುವವಳಿದ್ದಳು. ಅಂಗಡಿಯ ಸ್ವೆಟರ್ ಈ ಮನೆಯ ಹೊಸ್ತಿಲು ದಾಟಕೂಡದು, ಟೋಪಿ ಮತ್ತು ಜಿಪ್ ಇರುವುದನ್ನು ನಾನೇ ಹೆಣೆದು ಕೊಡುತ್ತೇನೆ ಎಂದು ಎಲ್ಲರೆದುರು ಹೇಳಿಬಿಟ್ಟಿದ್ದೆ. ನನ್ನ ಮಾತು ಈ ಮನೆಯಲ್ಲಿ ಬಿಚ್ಚಿ ಹೊಲಿಯುವಂಥದ್ದಲ್ಲ.

ತಾವು ಬೆನ್ನಿಗೆ ಒಂದು ಪುಟ, ತೋಳಿಗೆ ಒಂದೂವರೆ, ಟೋಪಿಗೆ ಚಿತ್ರ ಸಮೇತ ಎರಡು ಪುಟ ಕೊಟ್ಟು ನನ್ನನ್ನು ಕೈಹಿಡಿದು ನಡೆಸಿದಿರಿ. ಕೊನೆಯಲ್ಲಿ ಮಾತ್ರ, ‘ಭಾಗಗಳನ್ನು ಜೋಡಿಸಿ ಜಿಪ್ ಹೊಲಿಯಿರಿ. ಅಷ್ಟೇ’ ಎಂದು ಬರೆದು ಎದ್ದು ಹೋದಿರಿ. ಆ ‘ಅಷ್ಟೇ’ಯ ಒಳಗೆ ನಾನು ಹನ್ನೆರಡು ದಿನ ವಾಸವಿದ್ದೆ.

ಮೊದಲ ಸಲ ಹೊಲಿದಾಗ ಹೆಣಿಗೆ ಎಳೆದಂತೆ ಹಿಗ್ಗಿತು, ಜಿಪ್ ಜಪ್ಪಯ್ಯ ಎಂದರೂ ಹಿಗ್ಗಲಿಲ್ಲ. ಎದೆಯ ಮೇಲೆ ಅಲೆಗಳೆದ್ದವು. ಬಿಚ್ಚಿದೆ. ಎರಡನೆಯ ಸಲ ಕೆಳಗೆ ಸರಿಯಾಗಿ ಕೂತು, ಕತ್ತಿನ ಹತ್ತಿರ ಒಂದು ಬದಿ ಎರಡು ಬೆರಳು ಮೇಲೆ ಹೋಯಿತು. ಜೀವನವಿಡೀ ಗಡಿಯಾರ ರಿಪೇರಿ ಮಾಡಿದ ನಮ್ಮ ಯಜಮಾನರು ಕನ್ನಡಕ ಏರಿಸಿ ನೋಡಿ, “ಹುಡುಗಿ ತಲೆ ಸ್ವಲ್ಪ ವಾಲಿಸ್ಕೊಂಡು ನಿಂತ್ರೆ ಎಲ್ಲಾ ಸರಿಹೋಗುತ್ತೆ ಕಣೇ” ಎಂದರು. ಅಂದಿನ ಅವರ ಚಹಾ ಮಾತಿಲ್ಲದೆ ಬಂತು. ಮೂರನೆಯ ಸಲ ಅಡಿಪಟ್ಟಿ ಇಟ್ಟು ಗೀಟು ಎಳೆದ ಹಾಗೆ ಬಂದಿತ್ತು. ತಿರುಗಿಸಿ ನೋಡಿದರೆ ಜಿಪ್ಪಿನ ಹಿಡಿ ಒಳಮುಖವಾಗಿತ್ತು. ಒಳಗಿದ್ದವರು ಮಾತ್ರ ತೆರೆಯಬಹುದಾದ ಸ್ವೆಟರನ್ನು ಕಂಡುಹಿಡಿದ ಕೀರ್ತಿಯಲ್ಲಿ ತಮಗೂ ಅರ್ಧ ಪಾಲಿದೆ.

“ಅತ್ತೆ, ಬೇಕಾದ್ರೆ ಅಂಗಡಿಯಿಂದ…” ಎಂದಳು ಸೊಸೆ. ನಾನು ನೋಡಿದ ನೋಟಕ್ಕೆ ಅವಳೂ ತಮ್ಮ ಹಾಗೆಯೇ ಕೊನೆಯ ಭಾಗವನ್ನು ವಿವರಿಸದೆ ಬಿಟ್ಟಳು.

ಶುಕ್ರವಾರ ಮಧ್ಯಾಹ್ನ ಅವಳೇ ಬಂದು ಸ್ವೆಟರನ್ನು ಮೇಜಿನ ಮೇಲೆ ಹರವಿದಳು. ಜಿಪ್ಪನ್ನು ಮುಚ್ಚಿಟ್ಟು, ಎರಡು ಅಂಚನ್ನೂ ಅದಕ್ಕೆ ತಾಗಿಸಿ, ಕೆಂಪು ದಾರದಲ್ಲಿ ಗೇಣಿಗೆ ನಾಲ್ಕರಂತೆ ದೊಡ್ಡ ಹೊಲಿಗೆ ಹಾಕಿ ನಿಲ್ಲಿಸಿ, “ಈಗ ಹೊಲೀರಿ ಅತ್ತೆ, ಆಮೇಲೆ ಕೆಂಪು ದಾರ ಎಳೆದುಬಿಡೋಣ” ಎಂದಳು. ಹೊಲಿದೆ. ಕೂತಿತು. ಇಷ್ಟನ್ನು ಬರೆಯಲು ತಮಗೆ ಎರಡು ಸಾಲು ಸಾಕಿತ್ತು. ಬರೆಯದೆ ಉಳಿಸಿದ್ದರಿಂದ, ಅವಳು ಈ ಮನೆಗೆ ಬಂದ ಹನ್ನೆರಡು ವರ್ಷದಲ್ಲಿ ಮೊದಲ ಸಲ ನಾನು ಸೊಸೆಯ ಮುಂದೆ ಸೂಜಿ ಕೆಳಗಿಡಬೇಕಾಯಿತು. ಅವಳು ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆದ್ದರಿಂದ ಮುಂದಿನ ಮುದ್ರಣದಲ್ಲಿ ‘ಅಷ್ಟೇ’ ಎಂಬ ಪದವನ್ನು ತೆಗೆದು ಆ ಜಾಗದಲ್ಲಿ ನಲವತ್ತು ಪುಟ ಸೇರಿಸಬೇಕೆಂದೂ, ಅದಾಗದಿದ್ದರೆ ಪ್ರತಿಯೊಂದು ಪ್ರತಿಯ ಜೊತೆ ಒಬ್ಬ ಸೊಸೆಯನ್ನು ಕಳುಹಿಸಿಕೊಡಬೇಕೆಂದೂ ವಿನಂತಿಸುತ್ತೇನೆ. ನನ್ನವಳನ್ನು ಕೊಡಲಾಗುವುದಿಲ್ಲ.

ಇಂತಿ,
ತಮ್ಮ ವಿಶ್ವಾಸಿಯಾಗಿ ಉಳಿಯಲು ಹೆಣಗುತ್ತಿರುವ
ಒಬ್ಬ ಅಜ್ಜಿ

ಮರೆತ ಮಾತು: ಪತ್ರ ಅಂಚೆಗೆ ಹಾಕುವ ಮೊದಲೇ ಮೊಮ್ಮಗಳು ಶಿಬಿರದಿಂದ ಬಂದಳು. ಅಂಥದ್ದೇ ಸ್ವೆಟರ್ ಬೇಕೆಂದು ಆರು ಹುಡುಗಿಯರು ಹಟ ಹಿಡಿದಿದ್ದಾರಂತೆ. ಅವರ ತಾಯಂದಿರಿಗೆ, ಮಾನ್ಯರೇ, ಕೈಪಿಡಿಯ ಕೊನೆಯಲ್ಲಿ ಅಚ್ಚಾಗಿರುವ ತಮ್ಮ ಮನೆಯ ವಿಳಾಸವನ್ನೇ ಕೊಟ್ಟಿದ್ದೇನೆ. ಜಿಪ್ ಅವರೇ ತರುತ್ತಾರೆ.