ಇಬ್ಬರೂ ಖುದ್ದಾಗಿ ಹಾಜರಿರಬೇಕು

ವಿಶ್ವವಿದ್ಯಾಲಯದ ದಾಖಲೆ ವಿಭಾಗದಲ್ಲಿ ಇಂಥ ಪ್ರಸಂಗಗಳು ನಡೆಯದ ವಾರವೇ ಇರಲಿಲ್ಲ. ನಡೆಯಲಿಲ್ಲವೆಂದರೆ ಆ ವಾರ ರಜೆ ಇತ್ತೆಂದೇ ಅರ್ಥ. ತೊಂಬತ್ತರ ದಶಕದ ಕೊನೆಯಲ್ಲಿ ಪುಣೆಯ ನಮ್ಮ ಆಫೀಸಿನ ಹಳೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಕಿತ್ತು ಹೊಸದನ್ನು ಕೂರಿಸುವ ಕೆಲಸ ನನ್ನ ತಲೆಗೆ ಕಟ್ಟಿದರು. ವಿದ್ಯಾರ್ಥಿಗಳ ಹೆಸರು, ಅಂಕ, ಪದವಿ ಎಲ್ಲವೂ ಹಳೆಯದರಿಂದ ಹೊಸದಕ್ಕೆ ಹೋಗಬೇಕು. ಆರು ತಿಂಗಳ ಕೆಲಸ ಅಂದಿದ್ದರು. ಆರು ತಿಂಗಳಲ್ಲಿ ಹೋದದ್ದು ನನ್ನ ತಲೆಗೂದಲಿನ ಕಪ್ಪು ಮಾತ್ರ.

೧. ಪೂಜೆ

ಹೊಸ ಕಂಪ್ಯೂಟರುಗಳು ಬಂದದ್ದು ದಸರೆಯ ಹೊತ್ತಿಗೆ. ನಮ್ಮ ಹೆಡ್ ಕ್ಲಾರ್ಕ್ ಸೊಲ್ಲಾಪುರದವರು, ಮನೆಮಾತು ಕನ್ನಡ, ದೊಡ್ಡ ದೈವಭಕ್ತರು. ಖಂಡೇನವಮಿ, ಅಂದರೆ ಆಯುಧಪೂಜೆಯ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಎಲ್ಲ ಕಂಪ್ಯೂಟರುಗಳಿಗೂ ಚೆಂಡುಹೂವಿನ ಮಾಲೆ ಬಿದ್ದಿತ್ತು. ಕೀಬೋರ್ಡಿನ ಒಂದೊಂದು ಗುಂಡಿಗೂ ಒಂದೊಂದು ಗಂಧದ ಬೊಟ್ಟು. ಅಕ್ಷರ ಒಂದೂ ಕಾಣುತ್ತಿರಲಿಲ್ಲ.

ಅದೇ ಹೊತ್ತಿಗೆ ಕಿಟಕಿಯ ಹತ್ತಿರ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಕಲಬುರಗಿ ಕಡೆಯಿಂದ ಬಂದು ಪುಣೆಯ ಕಾತ್ರಜದಲ್ಲಿ ನೆಲೆಸಿದ, ಗೋಡೆ ಕಟ್ಟುವ ಗೌಂಡಿಯೊಬ್ಬನ ಮಗಳು. ಅವರ ಮನೆತನದಲ್ಲಿ ಪದವಿ ಓದಿದವಳು ಅವಳೊಬ್ಬಳೇ. ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ದೀಪಾವಳಿ ರಜೆ ಮುಗಿಯುವುದರೊಳಗೆ ಪದವಿ ಪ್ರಮಾಣಪತ್ರ ತೋರಿಸದಿದ್ದರೆ ಆ ಕೆಲಸ ಬೇರೆಯವರ ಪಾಲು.

"ಇವತ್ತ ಮಶೀನ ಮುಟ್ಟಂಗಿಲ್ಲ ತಾಯಿ, ಪೂಜಾ ಆಗ್ಯಾದ. ದಸರಾ ಮುಗಿಸಿ ಬಾ," ಅಂದರು ಹೆಡ್ ಕ್ಲಾರ್ಕ್.

"ಹಳೇ ಮಶೀನದಾಗರ ನೋಡ್ರಿ ಕಾಕಾ."

"ಅದಕ್ಕೂ ಪೂಜಾ ಮಾಡೀವಿ. ಇನ್ನ ನಾಕ ದಿನ ಇರೋ ಜೀವ ಅದು, ಭೇದ ಮಾಡಬಾರದು."

೨. ವೇಗದ ದೂರು

ದಸರಾ ಮುಗಿದು ಆಕೆ ಮತ್ತೆ ಬಂದಳು. ಆಕೆಯ ವರ್ಷದ ದಾಖಲೆಗಳು ಹೊಸ ಕಂಪ್ಯೂಟರಿಗೆ ಇನ್ನೂ ಹೋಗಿರಲಿಲ್ಲ. ಯಾಕೆಂದು ಹೋಗಿ ನೋಡಿದರೆ, ನಮ್ಮವರು ಹೊಸದಕ್ಕೆ ಹಾಕಿದ ಪ್ರತಿ ಹೆಸರನ್ನೂ ಪ್ರಿಂಟ್ ತೆಗೆದು, ಆ ಪ್ರಿಂಟನ್ನು ನೋಡಿಕೊಂಡು ಕೆಂಪು ಬಟ್ಟೆಯ ದಪ್ಪ ರಿಜಿಸ್ಟರಿಗೆ ಪೆನ್ನಿನಲ್ಲಿ ಬರೆಯುತ್ತಿದ್ದರು.

"ಇದ್ಯಾಕ್ರಿ ಕಾಕಾ?" ಹೆಡ್ ಕ್ಲಾರ್ಕರನ್ನು ಕೇಳಿದೆ.

"ಕರೆಂಟ್ ಹೋದ್ರ?"

"ಕರೆಂಟ್ ಬಂದ ಮ್ಯಾಲೆ ಎಲ್ಲಾ ಕಾಣಸ್ತದಲ್ರಿ."

"ಬರಲೇ ಇಲ್ಲಂದ್ರ, ಬಾಯಾರ?"

ಮರುದಿನ ಹೆಡ್ ಕ್ಲಾರ್ಕ್ ಮೇಲಿನ ಸಾಹೇಬರಿಗೆ ಬರವಣಿಗೆಯಲ್ಲಿ ದೂರು ಕೊಟ್ಟರು: ಹೊಸ ಕಂಪ್ಯೂಟರ್ ವಿಪರೀತ ಜೋರು, ಬರೆದುಕೊಳ್ಳುವವರಿಗೆ ಕೈ ನೋವು. ಸಾಹೇಬರು ಆ ಕಾಗದದ ಮೇಲೆ 'ತಕ್ಷಣ ನಿಧಾನ ಮಾಡಿ' ಎಂದು ಬರೆದು ನನಗೆ ಕಳಿಸಿದರು.

೩. ನಡುವೆ ಒಂದು ಮದುವೆ

ಅಂತೂ ಇಂತೂ ಆಕೆಯ ದಾಖಲೆ ಹುಡುಕುವ ದಿನ ಬಂತು. ನೋಡಿದರೆ ಒಂದಲ್ಲ, ಎರಡು.

ಎರಡನೇ ವರ್ಷದ ಪರೀಕ್ಷೆ ಮುಗಿದ ಮೇಲೆ ಆಕೆಗೆ ಮದುವೆಯಾಗಿತ್ತು. ಗಂಡನ ಮನೆಯವರು ಮದುವೆಯ ದಿನವೇ ಈ ಕಡೆಯ ಪದ್ಧತಿಯಂತೆ ತಟ್ಟೆಯ ಅಕ್ಕಿಯಲ್ಲಿ ಸೊಸೆಗೆ ಹೊಸ ಹೆಸರು ಬರೆಸಿದ್ದರು. ಅಪ್ಪನ ಹೆಸರಿದ್ದಲ್ಲಿ ಗಂಡನ ಹೆಸರು ಬಂತು, ಅಡ್ಡಹೆಸರೂ ಬದಲಾಯಿತು. ನಮ್ಮ ಹಳೆಯ ವ್ಯವಸ್ಥೆ ಮನುಷ್ಯರನ್ನು ಗುರುತಿಸುತ್ತಿದ್ದದ್ದು ಹೆಸರಿನಿಂದ ಮಾತ್ರ. ಹೀಗಾಗಿ ಒಬ್ಬ ಹುಡುಗಿ ಎರಡು ವರ್ಷ ಪಾಸಾಗಿ ಮಾಯವಾಗಿದ್ದಳು. ಇನ್ನೊಬ್ಬಳು ಎಲ್ಲಿಂದಲೋ ಬಂದು ನೇರ ಮೂರನೇ ವರ್ಷ ಪಾಸಾಗಿದ್ದಳು. ಪದವಿ ಇಬ್ಬರಿಗೂ ಇಲ್ಲ.

"ಇಬ್ಬರೂ ನಾನೇ ಅದೀನ್ರಿ ಅಕ್ಕಾರ," ಅಂದಳು. ಕಣ್ಣು ತುಂಬಿತ್ತು. ನನಗೆ ಆ ಕಂಪ್ಯೂಟರನ್ನು ಎತ್ತಿ ಹೊರಗೆ ಎಸೆಯಬೇಕೆನಿಸಿತು.

ಹೆಡ್ ಕ್ಲಾರ್ಕ್ ಕನಿಕರದಿಂದ ಹೇಳಿದರು: "ಪರೀಕ್ಷಾ ಎಲ್ಲಾ ಮುಗಿಸಿ ಮದುವಿ ಆಗಬೇಕಿತ್ತು ತಾಯಿ, ಇಲ್ಲಾ ಮದುವಿ ಮುಗಿಸಿ ಕಾಲೇಜ ಸೇರಬೇಕಿತ್ತು. ನಡುವ ಯಾಕ ಆದಿ?"

"ಮುಹೂರ್ತ ಇಟ್ಟವರು ನಿಮ್ಮ ಟೈಮ್‌ಟೇಬಲ್ ಕೇಳಲಿಲ್ಲರಿ."

೪. ವಿಚಾರಣೆ

ಎರಡೂ ದಾಖಲೆ ಕೂಡಿಸಿಕೊಡಿ ಎಂದು ನಾನು ಸಾಹೇಬರಿಗೆ ಬರೆದೆ. ನಿಯಮದ ಪ್ರಕಾರ, ವಿದ್ಯಾರ್ಥಿ ಎದುರಿಗಿಲ್ಲದೆ ದಾಖಲೆ ಮುಟ್ಟುವಂತಿಲ್ಲ. ಹಾಗಾಗಿ ತವರಿಗೊಂದು, ಗಂಡನ ಮನೆಗೊಂದು ಪತ್ರ ಹೋಯಿತು: 'ಇಬ್ಬರೂ ಅಭ್ಯರ್ಥಿಗಳು ಖುದ್ದಾಗಿ ಹಾಜರಿರಬೇಕು.'

ಶಾಲೆಯ ಗಡುವಿಗೆ ಒಂದೇ ದಿನ ಉಳಿದಿತ್ತು. ಆಕೆ ಎರಡೂ ಪತ್ರ ಹಿಡಿದು ಬಂದಳು. ಸಾಹೇಬರು ಮರಾಠಿಯವರು, ಮಾತೆಲ್ಲ ಮರಾಠಿಯಲ್ಲೇ ನಡೆಯಿತು. ಅವರು ಫೈಲು ನೋಡಿದರು, ಆಕೆಯನ್ನು ನೋಡಿದರು, ಆಕೆಯ ಹಿಂದೆ ಬಾಗಿಲ ಕಡೆಗೂ ನೋಡಿದರು.

"ಇನ್ನೊಬ್ಬರು ಎಲ್ಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಹೇಳಿದಳು: "ಅವಳು ಮದುವೆಯಾಗಿ ಹೋದಳು ಸಾಹೇಬರೇ. ಇನ್ನು ಬರುವುದಿಲ್ಲ."

ಸಾಹೇಬರಿಗೆ ಇದು ಒಪ್ಪಿಗೆಯಾಯಿತು. ಆರಾಮಾಗಿ ಪೆನ್ನು ತೆಗೆದು ಬರೆದರು: 'ಮೊದಲನೆಯ ಅಭ್ಯರ್ಥಿ ವಿವಾಹದ ಕಾರಣ ಗೈರುಹಾಜರು. ಅವರ ಅಂಕಗಳನ್ನು ಹಾಜರಿದ್ದವರಿಗೆ ಕೊಡಲು ಅಡ್ಡಿಯಿಲ್ಲ.'

ಅಂದೇ ಪ್ರಮಾಣಪತ್ರ ಸಿಕ್ಕಿತು, ಕೆಲಸ ಉಳಿಯಿತು. ನನ್ನ ಹೊಸ ವ್ಯವಸ್ಥೆಯಿಂದ ಒಬ್ಬರಿಗಾದರೂ ಒಳ್ಳೆಯದಾಯಿತೆಂದು ಆ ದಿನ ಹೊಟ್ಟೆ ತುಂಬ ಉಂಡೆ.

ಮರುವರ್ಷ ಆಕೆ ಒಂದು ಪತ್ರ ಹಿಡಿದು ಬಂದಳು. ನಮ್ಮ ಹೊಸ ಕಂಪ್ಯೂಟರ್ ಕಾತ್ರಜದ ತವರುಮನೆಗೆ, ಆಕೆಯ ಹಳೆಯ ಹೆಸರಿಗೆ ತಾನೇ ಕಳಿಸಿದ್ದು: 'ನೀವು ಮೊದಲನೇ ವರ್ಷದ ಪರೀಕ್ಷೆಗೂ ಹಾಜರಾಗಿಲ್ಲ. ಕೂಡಲೇ ಕಾರಣ ತಿಳಿಸಿ.' ಅಂಕಗಳನ್ನು ಕೊಟ್ಟು ಬರಿಗೈಯಾದ ಹುಡುಗಿ ಕಂಪ್ಯೂಟರಿನಲ್ಲಿ ಹಾಗೇ ಉಳಿದಿದ್ದಳು.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. "ತಪ್ಪಾತು ತಂಗಿ. ಅಳಸ್ತೀನಿ."

"ಅಳಸಬ್ಯಾಡ್ರಿ ಅಕ್ಕಾರ, ಅದನ್ನ ಹೇಳಾಕಽ ಬಂದೀನಿ. ನಮ್ಮಪ್ಪ ಈ ಪತ್ರ ಎಲ್ಲಾರಿಗೂ ತೋರಸಾಕತ್ಯಾನ. 'ಮಗಳು ಇನ್ನೂ ನಮ್ಮನ್ಯಾಗ ಅದಾಳಂತ ಸರಕಾರನಽ ಬರದದ' ಅಂತಾನ. ವರ್ಷಕ್ಕೊಮ್ಮೆ ಬರಲಿ ಬಿಡ್ರಿ."

ನಿಯಮದ ಪುಸ್ತಕ ನನಗೆ ಬಾಯಿಪಾಠವಾಗಿತ್ತು.

"ಚಿಂತಿ ಮಾಡಬ್ಯಾಡ," ಅಂದೆ. "ಅಳಸಬೇಕಂದ್ರ ಆಕಿ ಖುದ್ದ ಬರಬೇಕು."